ಬೆನ್ನುಹುರಿಯಲ್ಲಿ ಪೆಟ್ಟು ಎಲ್ಲಿ ಅಂತ ಹಿಡಿಯೋದು ಹೇಗೆ: ಟೇಬಲ್ ಬಾಯಿಪಾಠ ಬೇಡ, ಚಿತ್ರ ಬರೀರಿ

ಬ್ರೌನ್ ಸೆಕಾರ್ಡ್, ಸೆಂಟ್ರಲ್ ಕಾರ್ಡ್, ಆಂಟೀರಿಯರ್ ಕಾರ್ಡ್ ಅಂತ ಬೆನ್ನುಹುರಿ ಪೆಟ್ಟಿನ ಬಗೆಗಳ ಟೇಬಲ್ ಉರು ಹೊಡ್ಕೊಂಡು ವೈವಾಗೆ, ಅಂದ್ರೆ ಬಾಯಿಮಾತಿನ ಪರೀಕ್ಷೆಗೆ, ಹೋದ್ರೆ ಎಕ್ಸಾಮಿನರ್ ಪ್ರಶ್ನೆನ ಸ್ವಲ್ಪ ತಿರುಗಿಸಿದ ತಕ್ಷಣ ಎಲ್ಲಾ ಕಲಸುಮೇಲೋಗರ ಆಗತ್ತೆ, ನಂಗಂತೂ ಆಗಿತ್ತು. ನೆನಪಿಡಬೇಕಾದ್ದು ಒಂದೇ, ಯಾವ ನರದ ದಾರಿ ಎಲ್ಲಿ ಆಚೆ ಕಡೆಗೆ ದಾಟತ್ತೆ ಅನ್ನೋದು.

ಮೊದ್ಲು ಒಂದು ದುಂಡು ಬರೀರಿ, ಅದು ಅಡ್ಡಡ್ಡ ಕೊಯ್ದ ಬೆನ್ನುಹುರಿ. ಹಿಂಭಾಗದಲ್ಲಿ ಡಾರ್ಸಲ್ ಕಾಲಮ್: ಕಂಪನ, ಕೈಕಾಲು ಯಾವ ಪೊಸಿಷನ್‌ನಲ್ಲಿದೆ ಅನ್ನೋ ಅರಿವು, ನವಿರಾದ ಸ್ಪರ್ಶ, ಇದು ಬಂದ ಕಡೆಯಲ್ಲೇ ಮೇಲಕ್ಕೆ ಹೋಗಿ ಮೆದುಳಿನ ಬುಡದ ಮೆಡುಲ್ಲಾದಲ್ಲಿ ದಾಟತ್ತೆ. ಪಕ್ಕದಲ್ಲಿ ಕಾರ್ಟಿಕೋಸ್ಪೈನಲ್, ಅಂದ್ರೆ ಮೆದುಳಿಂದ ಇಳಿಯೋ ಚಲನೆಯ ದಾರಿ, ಅದರ ಬಹುಪಾಲು ಮೆಡುಲ್ಲಾದಲ್ಲೇ ದಾಟ್ಕೊಂಡು ಬಂದಿರತ್ತೆ. ಮುಂದೆ ಪಕ್ಕಕ್ಕೆ ಸ್ಪೈನೋಥಲಾಮಿಕ್: ನೋವು, ಬಿಸಿ, ತಣ್ಣಗೆ. ಇದು ಅವಸರದ ಗಿರಾಕಿ, ಒಳಗೆ ಬಂದು ಹುರಿಯ ಒಂದೆರಡು ಸೆಗ್ಮೆಂಟ್‌ನಲ್ಲೇ ಆಚೆ ಹಾರಿಬಿಡತ್ತೆ.

ಈಗ ದುಂಡಿನ ಬಲ ಅರ್ಧವನ್ನ ಕೈಯಿಂದ ಮುಚ್ಚಿ, ಹೊಕ್ಕುಳ ಮಟ್ಟ ಅಂದ್ಕೊಳ್ಳಿ, ಅಂದ್ರೆ ಟಿ 10, ಎದೆಭಾಗದ ಹತ್ತನೇ ಸೆಗ್ಮೆಂಟ್. ಬಲಗಾಲಿಗೆ ಶಕ್ತಿ ಇಲ್ಲ, ಬಲಗಾಲಲ್ಲಿ ಟ್ಯೂನಿಂಗ್ ಫೋರ್ಕ್ ಕಂಪನ ಗೊತ್ತಾಗಲ್ಲ, ಆದ್ರೆ ಸೂಜಿ ಚುಚ್ಚಿದ್ದು ಗೊತ್ತಾಗದೇ ಇರೋದು ಎಡಗಾಲಲ್ಲಿ, ಅದೂ ಹೊಕ್ಕುಳಿಂದ ಸ್ವಲ್ಪ ಕೆಳಗಿಂದ ಶುರು. ಮಾರಿಷಸ್‌ನಲ್ಲಿ 1817ರಲ್ಲಿ ಹುಟ್ಟಿದ ಬ್ರೌನ್ ಸೆಕಾರ್ಡ್ ಹೆಸರಿನ ಸಿಂಡ್ರೋಮ್ ಇಷ್ಟೇ, ನೀವು ಉರು ಹೊಡೀದೇನೇ ಬಂತು.

ಮಧ್ಯದಲ್ಲಿ ಮಾತ್ರ ಒಂದು ಚುಕ್ಕಿ ಇಟ್ರೆ? ಅಲ್ಲಿ ದಾಟ್ತಾ ಇರೋ ನೋವಿನ ನಾರುಗಳಷ್ಟೇ ಕತ್ತರಿಸಿಹೋಗತ್ತೆ, ಎರಡೂ ಕಡೆಯವು. ಹುರಿಯ ಒಳಗೆ ನೀರು ತುಂಬಿದ ಪೊಳ್ಳು ಆಗೋ ಸಿರಿಂಗೋಮಯೀಲಿಯಾದಲ್ಲಿ ಹೀಗೇ, ಒಲೆ ಮೇಲಿನ ಪಾತ್ರೆ ಹಿಡಿದು ಕೈಗೆ ಬೊಬ್ಬೆ ಎದ್ರೂ ಗೊತ್ತೇ ಆಗಲ್ಲ, ಆದ್ರೆ ಹತ್ತಿ ಸವರಿದ್ರೆ ಗೊತ್ತಾಗತ್ತೆ. ಶಾಲು ಹೊದ್ದಷ್ಟು ಜಾಗ, ಹೆಗಲು ಮತ್ತೆ ಎರಡೂ ತೋಳು. ಇನ್ನು ಕತ್ತಿನ ಸ್ಪಾಂಡಿಲೋಸಿಸ್ ಇರೋ ವಯಸ್ಸಾದವರು ಮುಗ್ಗರಿಸಿ ಗಲ್ಲ ಬಡಿದು ಬಿದ್ದು ಕತ್ತು ಹಿಂದಕ್ಕೆ ಬಾಗಿದ್ರೆ ಕಾಲಿಗಿಂತ ಕೈಗೇ ಜಾಸ್ತಿ ಹೊಡೆತ, ಅದು ಸೆಂಟ್ರಲ್ ಕಾರ್ಡ್. ಕೈಯಿನ ನಾರುಗಳು ಒಳಗಡೆ ಇರತ್ತೆ ಅದಕ್ಕೇ ಅಂತ ಹಳೇ ಪುಸ್ತಕಗಳು ಹೇಳತ್ವೆ, ಅದರ ಬಗ್ಗೆ ಈಗ ತಕರಾರು ಇದೆ, ಪರೀಕ್ಷೆಯಲ್ಲಿ ಮಾತ್ರ ವಾದಕ್ಕೆ ಇಳೀಬೇಡಿ.

ಹಿಂಭಾಗ ಹಾಳಾಗೋದು ನಮ್ಮಲ್ಲಿ ಮರೀಬಾರದ್ದು, ಯಾಕಂದ್ರೆ ಬಿ 12 ವಿಟಮಿನ್ ಕೊರತೆ ಕೆಡಿಸೋದು ಈ ಭಾಗವನ್ನ. ಹಾಲು ಮೊಸರೂ ಕಮ್ಮಿ ತಿನ್ನೋ ಸಸ್ಯಾಹಾರಿ ಮನೆಯವರು ಮುಖಕ್ಕೆ ಸೋಪು ಹಾಕಿ ಕಣ್ಣು ಮುಚ್ಚಿದ ತಕ್ಷಣ ವಾಲಾಡ್ತೀನಿ ಅಂದ್ರೆ 128 ಹರ್ಟ್ಸ್ ಫೋರ್ಕ್ ತಗೊಂಡು ಕಾಲ್ಬೆರಳಿಗೆ ಇಡಿ. ಬಿ 12 ನೋಡದೆ ಬರೀ ಫೋಲಿಕ್ ಆಸಿಡ್ ಕೊಟ್ರೆ ರಕ್ತದ ರಿಪೋರ್ಟ್ ಚೆನ್ನಾಗಾಗತ್ತೆ, ನರ ಒಳಗೊಳಗೇ ಹಾಳಾಗ್ತಾ ಹೋಗತ್ತೆ. ಮುಂಭಾಗದ್ದು, ಅಂದ್ರೆ ಆಂಟೀರಿಯರ್ ಕಾರ್ಡ್, ಇದರ ಉಲ್ಟಾ, ಆಂಟೀರಿಯರ್ ಸ್ಪೈನಲ್ ರಕ್ತನಾಳ ಕಟ್ಟಿದ್ರೆ ಶಕ್ತಿ ಹೋಗತ್ತೆ ನೋವು ಹೋಗತ್ತೆ, ಕಂಪನ ಉಳಿಯತ್ತೆ.

ಎಡವೋ ಜಾಗ ಎರಡು. ಒಂದು, ಪೆಟ್ಟು ಬಿದ್ದ ಮೊದಲ ದಿನಗಳಲ್ಲಿ ಕಾಲು ಸ್ಟಿಫ್ ಇರಲ್ಲ, ಜೋತುಬಿದ್ದಿರತ್ತೆ, ರಿಫ್ಲೆಕ್ಸ್ ಬರಲ್ಲ, ಅದು ಸ್ಪೈನಲ್ ಶಾಕ್, ಬಿಗಿತ ಬರೋದು ವಾರಗಳ ಮೇಲೆ. ಇನ್ನೊಂದು, ದೊಡ್ಡವರಲ್ಲಿ ಹುರಿ ಸೊಂಟಭಾಗದ ಮೊದಲ ಅಥವಾ ಎರಡನೇ ಬೆನ್ನುಮೂಳೆ ಹತ್ರಾನೇ ಮುಗಿಯತ್ತೆ. ಅಡಿಕೆ ಮರದಿಂದ ಬಿದ್ದವರಿಗೆ ಸಾಮಾನ್ಯವಾಗಿ ಮುರಿಯೋದು ಅದೇ ಆಸುಪಾಸು, ಹಾಗಾಗಿ ಹುರಿಯ ತುದಿ, ಕೆಳಗಿನ ನರಗಳ ಗೊಂಚಲು ಎರಡಕ್ಕೂ ಪೆಟ್ಟು ಬಿದ್ದು ಚಿತ್ರ ಬೆರಕೆ ಆಗತ್ತೆ. ಅಂಥವರನ್ನ ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕೋದು ದಯವಿಟ್ಟು ಬೇಡ, ತಲೆ ಕತ್ತು ಬೆನ್ನು ಒಂದೇ ನೇರ ಇಟ್ಟು ದಿಮ್ಮಿ ಥರ ಹೊರಳಿಸಿ ಹಲಗೆ ಮೇಲೆ ತಗೊಳ್ಳಿ.

ಕೊನೇದಾಗಿ ಗುದದ್ವಾರದ ಸುತ್ತ ಸ್ಪರ್ಶ ಇದೆಯಾ, ಬಿಗಿ ಹಿಡಿಯಕ್ಕೆ ಬರತ್ತಾ ನೋಡಿ, ಅದು ಹುರಿಯ ತುದಿಯ ಸೆಗ್ಮೆಂಟ್‌ಗಳಾದ ಎಸ್ 4, ಎಸ್ 5. ಮುಜುಗರ ಅಂತ ಎಲ್ಲರೂ ಬಿಡೋದು ಇದನ್ನೇ, ಪೆಟ್ಟು ಪೂರ್ತಿನಾ ಅರೆಬರೆನಾ ಅಂತ ತೀರ್ಮಾನ ಆಗೋದೂ ಇಲ್ಲೇ.