ಸೂತ್ರ ಕೊನೆಗಿರಲಿ: ಸಂಖ್ಯಾಶಾಸ್ತ್ರ ಪಾಠ ಹೀಗೆ ಮಾಡಿ ನೋಡಿ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸರಾಸರಿ, ಮಧ್ಯಾಂಕ, ಬಹುಲಕ ಮೂರರ ಸೂತ್ರವೂ ಬಾಯಿಪಾಠ ಇರುತ್ತದೆ. ಲೆಕ್ಕ ಕೊಟ್ಟರೆ ಕೋಷ್ಟಕ ಹಾಕಿ ಉತ್ತರ ತೆಗೆಯುತ್ತಾರೆ. ‘ಸರಿ, ಈ ಉತ್ತರದಿಂದ ಏನು ಗೊತ್ತಾಯ್ತು?’ ಅಂತ ಕೇಳಿದರೆ ಮಾತ್ರ ಇಡೀ ತರಗತಿ ಸುಮ್ಮನಾಗುತ್ತದೆ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಪಾಠ ಸಾಮಾನ್ಯವಾಗಿ ವರ್ಷದ ಕೊನೆಯ ಕಡೆಗೆ ಬರುತ್ತದೆ. ಪರೀಕ್ಷೆ ಹತ್ತಿರ ಇರುವಾಗ ನಾವು ನೇರ ಸೂತ್ರಕ್ಕೇ ಹೋಗಿಬಿಡುತ್ತೇವೆ. ಕ್ರಮವನ್ನು ಸ್ವಲ್ಪ ತಿರುಗಿಸಿ ನೋಡಿ. ಮೊದಲು ಮಕ್ಕಳದೇ ಅಂಕಿಗಳು, ಆಮೇಲೆ ಅವುಗಳ ಬಗ್ಗೆ ಪ್ರಶ್ನೆ, ಸೂತ್ರ ಕೊನೆಗೆ.

ಜೂನ್‌ನಲ್ಲೇ ಅಂಕಿ ಕೂಡಿಡಿ

ಜೂನ್ 29 ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ, ಪಿ.ಸಿ. ಮಹಾಲನೋಬಿಸ್ ಹುಟ್ಟಿದ ದಿನ. ಅವರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿ ಜಗತ್ತಿಗೇ ಹೆಸರಾದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಇದನ್ನು ಮಕ್ಕಳಿಗೆ ಹೇಳಲೇಬೇಕು. ಅದೇ ದಿನ ಎಲ್ಲರ ಕೈಗೂ ಒಂದೊಂದು ಚೀಟಿ ಕೊಡಿ. ‘ಮನೆಯಿಂದ ಶಾಲೆಗೆ ಬರೋಕೆ ಎಷ್ಟು ನಿಮಿಷ ಬೇಕು?’ ಅಂತ ಕೇಳಿ, ಹೆಸರಿಲ್ಲದೆ ಬರೆಸಿ. ಚೀಟಿಗಳನ್ನು ಒಂದು ಕವರಿನಲ್ಲಿ ಹಾಕಿಡಿ. ಪಾಠದ ಹೊತ್ತಿಗೆ ತೆಗೆದರಾಯಿತು.

ಪ್ರಶ್ನೆ ಆರಿಸುವಾಗ ಜಾಗ್ರತೆ ಬೇಕು. ಅಪ್ಪನ ಸಂಬಳ, ಮೈತೂಕ, ಹೋದ ಪರೀಕ್ಷೆಯ ಅಂಕ ಇವನ್ನು ಕೇಳಲೇಬೇಡಿ. ಲೆಕ್ಕಕ್ಕೆ ಚೆನ್ನಾಗಿಯೇ ಇರುತ್ತವೆ, ಆದರೆ ಯಾವುದೋ ಒಂದು ಮಗು ತಲೆ ತಗ್ಗಿಸಿ ಕೂರಬೇಕಾಗುತ್ತದೆ. ರಾತ್ರಿ ಎಷ್ಟು ಗಂಟೆ ನಿದ್ದೆ, ಒಂದು ಹಿಡಿಗೆ ಎಷ್ಟು ಹುಣಸೆ ಬೀಜ ಸಿಗುತ್ತದೆ, ಇಂಥವು ಸಾಕಷ್ಟಿವೆ.

ಸರಾಸರಿ ಅಂದರೆ ಸಮನಾಗಿ ಹಂಚುವುದು

ಐದು ಮಕ್ಕಳನ್ನು ಮುಂದೆ ಕರೆಯಿರಿ. ಅವರಿಗೆ 3, 7, 2, 8, 5 ಹುಣಸೆ ಬೀಜ ಕೊಡಿ. ‘ಎಲ್ಲರ ಹತ್ತಿರವೂ ಒಂದೇ ಸಮ ಆಗೋ ಹಾಗೆ ಹಂಚಿಕೊಳ್ಳಿ’ ಅನ್ನಿ. ಜಾಸ್ತಿ ಇದ್ದವರು ಕಡಿಮೆ ಇದ್ದವರಿಗೆ ಕೊಡುತ್ತಾ ಹೋಗುತ್ತಾರೆ, ಕೊನೆಗೆ ತಲೆಗೆ 5 ಬರುತ್ತದೆ. ಕೂಡಿಸಿ ಭಾಗಿಸುವುದು ಯಾಕೆ ಅನ್ನುವುದಕ್ಕೆ ಇಷ್ಟೇ ಸಾಕು.

ಸಾಲಿನಲ್ಲಿ ನಿಲ್ಲಿಸಿ

ಈಗ ಕವರಿನಿಂದ ಚೀಟಿ ತೆಗೆಯಿರಿ. 11 ಚೀಟಿಗಳಲ್ಲಿ ಹೀಗೆ ಬಂದಿದೆ ಅಂದುಕೊಳ್ಳಿ: 5, 5, 5, 8, 10, 12, 15, 15, 20, 25, 100. ಆ ಕೊನೆಯ ಮಗು ದೂರದ ಹಳ್ಳಿಯಿಂದ ನಡೆದು, ಬಸ್ಸು ಕಾದು ಬರುವ ಮಗು. ಹನ್ನೊಂದು ಮಕ್ಕಳ ಕೈಗೆ ಒಂದೊಂದು ಚೀಟಿ ಕೊಟ್ಟು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ. ಎರಡೂ ತುದಿಯಿಂದ ಒಬ್ಬೊಬ್ಬರನ್ನೇ ಕೂರಿಸುತ್ತಾ ಬನ್ನಿ. ಕೊನೆಗೆ ನಿಂತಿರುವವರ ಚೀಟಿಯಲ್ಲಿ 12 ಇದೆ. ಅದೇ ಮಧ್ಯಾಂಕ. ಹೆಚ್ಚು ಸಲ ಬಂದಿರುವುದು 5, ಅದು ಬಹುಲಕ. ಒಟ್ಟು 220 ನಿಮಿಷ, ಸರಾಸರಿ 20.

ಇಲ್ಲಿ ಅವಸರ ಮಾಡಬೇಡಿ, ಇಡೀ ಪಾಠದ ಜೀವ ಇಲ್ಲೇ ಇದೆ. ‘20 ನಿಮಿಷಕ್ಕಿಂತ ಕಡಿಮೆ ಇರುವವರು ಕೈ ಎತ್ತಿ’ ಅನ್ನಿ. 11ರಲ್ಲಿ 8 ಕೈ ಮೇಲೇಳುತ್ತವೆ. ‘ಹಾಗಾದರೆ ನಮ್ಮ ಮಕ್ಕಳು ಸುಮಾರು 20 ನಿಮಿಷದಲ್ಲಿ ಬರ್ತಾರೆ ಅಂದರೆ ಸರಿನಾ?’ ಅಂತ ಕೇಳಿ, ವಾದ ಮಾಡಲು ಬಿಡಿ. ನಂತರ 100ರ ಚೀಟಿಯನ್ನು ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಮಾಡಿಸಿ. ಸರಾಸರಿ 20ರಿಂದ 12ಕ್ಕೆ ಇಳಿಯುತ್ತದೆ. ಮಧ್ಯಾಂಕ 12ರಿಂದ 11ಕ್ಕೆ (ನಡುವೆ ಉಳಿಯುವ 10 ಮತ್ತು 12ರ ಸರಾಸರಿ) ಬರುತ್ತದೆ, ಅಷ್ಟೇ. ಒಂದೇ ಒಂದು ದೊಡ್ಡ ಅಂಕಿ ಯಾವುದನ್ನು ಎಳೆಯುತ್ತದೆ, ಯಾವುದನ್ನು ಎಳೆಯುವುದಿಲ್ಲ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಮರೆಯದೆ ಕೇಳಿ: ಶಾಲೆಯ ಗಂಟೆ ಎಷ್ಟಕ್ಕೆ ಹೊಡೆಯಬೇಕು ಅಂತ ನಿರ್ಧರಿಸುವಾಗ ಆ 100 ನಿಮಿಷದ ಮಗುವನ್ನು ಲೆಕ್ಕದಿಂದ ಬಿಡಬಹುದಾ? ದೊಡ್ಡ ಅಂಕಿ ಕಂಡ ಕೂಡಲೇ ತೆಗೆದುಹಾಕುವ ಅಭ್ಯಾಸ ಮಕ್ಕಳಿಗೆ ಬರಬಾರದು.

ಡಬ್ಬಗಳಲ್ಲಿ ಹಾಕಿ

ವರ್ಗಾಂತರಕ್ಕೆ, ಅಂದರೆ ಅಂಕಿಗಳನ್ನು ಗುಂಪು ಮಾಡುವುದಕ್ಕೆ, ಖಾಲಿ ಡಬ್ಬಗಳು ಸಾಕು. 0-10, 10-20, 20-30 ಹೀಗೆ 100-110ರ ತನಕ ಚೀಟಿ ಅಂಟಿಸಿ. ಮಕ್ಕಳು ತಮ್ಮ ಚೀಟಿಯನ್ನು ತಾವೇ ಬಂದು ಹಾಕಲಿ. 10 ಇರುವ ಮಗು ಎರಡು ಡಬ್ಬದ ನಡುವೆ ನಿಂತು ಬಿಡುತ್ತದೆ. ಒಳ್ಳೆಯದೇ ಆಯಿತು. ಮೇಲಿನ ಮಿತಿಯ ಅಂಕಿ ಮುಂದಿನ ವರ್ಗಕ್ಕೆ ಹೋಗುತ್ತದೆ ಎಂಬ ನಿಯಮ ಆಗ ಹೇಳಿ.

ಈಗ ಮುಚ್ಚಳ ಹಾಕಿ. ಒಳಗೆ ಏನಿದೆ ಅಂತ ಗೊತ್ತಿಲ್ಲ, ಎಷ್ಟು ಚೀಟಿ ಇವೆ ಅಂತ ಮಾತ್ರ ಗೊತ್ತು: 4, 4, 2, ಕೊನೆಯದರಲ್ಲಿ 1. ಹಾಗಾಗಿ ಪ್ರತಿ ಡಬ್ಬಕ್ಕೂ ಅದರ ಮಧ್ಯಬಿಂದುವನ್ನು ಹಿಡಿಯುತ್ತೇವೆ. 4 ಸಲ 5, 4 ಸಲ 15, 2 ಸಲ 25, ಒಂದು ಸಲ 105. ಒಟ್ಟು 235. ಸರಾಸರಿ ಸುಮಾರು 21.4. ನಿಜವಾದ ಸರಾಸರಿ 20 ಇತ್ತು, ಅಲ್ವಾ? ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಮಕ್ಕಳೇ ಹೇಳುತ್ತಾರೆ. ಗುಂಪು ಮಾಡಿದಾಗ ಬರುವುದು ಅಂದಾಜು ಅನ್ನುವುದನ್ನು ಬೇರೆ ವಿವರಿಸಬೇಕಿಲ್ಲ.

ಓಜೀವ್‌ಗೆ ಎದ್ದು ನಿಲ್ಲುವ ಆಟ ಚೆನ್ನಾಗಿರುತ್ತದೆ. ಓಜೀವ್ ಅಂದರೆ ಇಂತಿಷ್ಟಕ್ಕಿಂತ ಕಡಿಮೆ ಇರುವವರು ಒಟ್ಟು ಎಷ್ಟು ಜನ (ಸಂಚಿತ ಆವೃತ್ತಿ) ಅಂತ ತೋರಿಸುವ ರೇಖೆ. ‘10ಕ್ಕಿಂತ ಕಡಿಮೆ ಇರುವವರು ಏಳಿ.’ 4 ಜನ. ‘20ಕ್ಕಿಂತ ಕಡಿಮೆ.’ ಎದ್ದವರು ಕೂರುವ ಹಾಗಿಲ್ಲ, ಈಗ 8. ‘30ಕ್ಕಿಂತ.’ 10. ಅಲ್ಲಿಂದ 100ರ ತನಕ ಯಾರೂ ಏಳುವುದಿಲ್ಲ. ರೇಖೆ ಮಟ್ಟಸವಾಗಿ ಹೋಗಿ, ಕೊನೆಗೆ 11ಕ್ಕೆ ಏರುತ್ತದೆ. ಸಂಚಿತ ಆವೃತ್ತಿ ಯಾಕೆ ಯಾವತ್ತೂ ಇಳಿಯುವುದಿಲ್ಲ ಅಂತ ಕೇಳಿದರೆ ಯಾರೂ ತಡವರಿಸುವುದಿಲ್ಲ.

ಈಗ ಸೂತ್ರ

ಮಧ್ಯಾಂಕದ ಸೂತ್ರವನ್ನು ಬೋರ್ಡಿನ ಮೇಲೆ ಬರೆದು, ಪ್ರತಿ ಅಕ್ಷರವನ್ನೂ ಡಬ್ಬದಲ್ಲಿ ತೋರಿಸಿ. 11ರ ಅರ್ಧ 5.5, ಅದು ಬೀಳುವುದು 10-20ರ ಡಬ್ಬದಲ್ಲಿ. ಆ ಡಬ್ಬದ ಕೆಳಮಿತಿ 10. ಅದಕ್ಕಿಂತ ಹಿಂದೆ 4 ಚೀಟಿ, ಅದರೊಳಗೆ 4 ಚೀಟಿ, ಅಗಲ 10. ಬೆಲೆ ಹಾಕಿದರೆ 10 + (5.5 − 4) ÷ 4 × 10, ಅಂದರೆ 13.75 ಬರುತ್ತದೆ. ಸಾಲಿನಲ್ಲಿ ನಿಲ್ಲಿಸಿದಾಗ 12 ಬಂದಿತ್ತು. ಯಾಕೆ ಹೀಗೆ ಅಂತ ಮಕ್ಕಳನ್ನೇ ಕೇಳಿ, ಆ ಡಬ್ಬದ ಮುಚ್ಚಳ ತೆಗೆಸಿ. ಸೂತ್ರದ ಲೆಕ್ಕದಲ್ಲಿ ಆ 4 ಚೀಟಿ 10ರಿಂದ 20ರ ತನಕ ಸಮನಾಗಿ ಹರಡಿರಬೇಕು. ಒಳಗಿರುವುದು 10, 12, 15, 15.