ಅತ್ತೆಯವರ ಹಾಸಿಗೆ ಹುಣ್ಣು ಮನೆಯಲ್ಲೇ ಮಾಗಿದ್ದು: ನನ್ನ ಅನುಭವ

ವಯಸ್ಸು 88, ಜೊತೆಗೆ ಸಕ್ಕರೆ ಕಾಯಿಲೆ, ಬೆನ್ನಿನ ಬುಡದಲ್ಲಿ ಮೂರನೇ ಹಂತದ ಹುಣ್ಣು, ಅಂದರೆ ಚರ್ಮ ಪೂರ್ತಿ ಹೋಗಿ ಒಳಗಿನ ಕೊಬ್ಬಿನವರೆಗೆ ಇಳಿದದ್ದು. ಇದು ಮುಚ್ಚುವುದಿಲ್ಲ ಎಂದವರೇ ಹೆಚ್ಚು. ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು) ಹಿಡಿದ ಕೆಲಸ ಸೆಪ್ಟೆಂಬರಿನ ಮೊಂತಿ ಫೆಸ್ತಿನ (ಮೇರಿ ಮಾತೆಯ ಹುಟ್ಟುಹಬ್ಬ) ಹೊತ್ತಿಗೆ ಮುಗಿಯಿತು, ಚರ್ಮ ಕೂಡಿತು. ಡ್ರೆಸಿಂಗ್ ಮಾಡುವುದನ್ನು ನನ್ನಂಥ ನರ್ಸುಗಳಿಗೆ ಕಲಿಸಬೇಕಿಲ್ಲ. ಇಲ್ಲಿ ಗೆದ್ದದ್ದು ಔಷಧಿಯಲ್ಲ, ಮಗ್ಗುಲು ಬದಲಿಸುವ ಪಾಳಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಚೀಟಿ ಬರೆದು ಗೋಡೆಗೆ ಅಂಟಿಸಿದರೆ ಒಂದು ವಾರ ನಡೆಯುತ್ತದೆ, ಅಷ್ಟೇ. ಅದಕ್ಕೇ ಪ್ರಾರ್ಥನೆಗೆ ಕಟ್ಟಿದೆ: ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 12ಕ್ಕೆ ಇಗರ್ಜಿ (ಚರ್ಚ್) ಗಂಟೆ, ರಾತ್ರಿ 8ಕ್ಕೆ ತೇರ್ಸ್ (ಜಪಸರದ ಪ್ರಾರ್ಥನೆ). ನಡುವಿನ ಹೊತ್ತು, ರಾತ್ರಿ ಎಲ್ಲ ಮಕ್ಕಳು ಸೊಸೆಯಂದಿರಿಗೆ ಹಂಚಿದ್ದು ನಾನು. ಅದರಲ್ಲಿ ಚೌಕಾಸಿ ಇಲ್ಲ. ಪೂರ್ತಿ ಮಗ್ಗುಲಿಗೆ ಹಾಕಿದರೆ ಸೊಂಟದ ಮೂಳೆಯ ಮೇಲೆ ಹೊಸ ಹುಣ್ಣು ಏಳುತ್ತದೆ. 30 ಡಿಗ್ರಿ ವಾಲಿದರೆ ಸಾಕು. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಮೀನಖಂಡದಡಿ ಒಂದು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಒಬ್ಬರೇ ಇದ್ದಾಗ ಡ್ರಾ ಶೀಟಿಗೆ (ಮಗ್ಗುಲು ಬದಲಿಸಲು ಸೊಂಟದಡಿ ಹಾಸುವ ಅಡ್ಡಬಟ್ಟೆ) ಹಾಕುವ ಗಂಟೊಂದಿದೆ, ಅದನ್ನು ಸೊಸೆಯಂದಿರಿಗಷ್ಟೇ ಕಲಿಸಿದ್ದೇನೆ.

ಭಾನುವಾರ ಮಾತ್ರ ಹುಣ್ಣಿನ ಅಂಚು ಕೆಂಪಾಗುತ್ತಿತ್ತು, ಬೆರಳಲ್ಲಿ ಒತ್ತಿದರೂ ಬಿಳಿಚುತ್ತಿರಲಿಲ್ಲ, ಅಂದರೆ ಒತ್ತಡದ ಪೆಟ್ಟು ಬಿದ್ದಿದೆ ಎಂದೇ ಅರ್ಥ. ಎಲ್ಲರೂ ಒಂದೇ ಪೂಜೆಗೆ ಹೋಗಿ ಮಾತಾಡಿ ಬರುವಷ್ಟರಲ್ಲಿ ಮೂರು ಗಂಟೆಗಳ ಹೊತ್ತು ದಾಟುತ್ತದೆ. ಅರ್ಧ ಜನರನ್ನು ಮೊದಲ ಪೂಜೆಗೆ, ಉಳಿದವರನ್ನು ಎರಡನೆಯದಕ್ಕೆ ಕಳಿಸಿದ ಮೇಲೆ ಅದು ನಿಂತಿತು. ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ ತರುವಾಗ ಕೂರಿಸಲೇಬೇಕು. ಆಗ ಮೊಣಕಾಲಡಿ ದಿಂಬಿಟ್ಟ ಮೇಲೆಯೇ ತಲೆ ಎತ್ತಿ. ಇಲ್ಲದಿದ್ದರೆ ಮೈ ಕೆಳಗೆ ಜಾರಿ, ಒಳಗೆ ಬೆಳೆದ ಹೊಸ ಮಾಂಸ ಹರಿಯುತ್ತದೆ.

ಗಾಳಿ ಹಾಸಿಗೆಗೆ ಮೂರು ಸಾವಿರದ ಆಸುಪಾಸು. ಅದರ ಮೇಲೆ ರಬ್ಬರ್ ಶೀಟು, ದಪ್ಪ ಚಾದರ ಹಾಸಿದರೆ ಅಷ್ಟೂ ದುಡ್ಡು ದಂಡ. ತೆಳು ಹತ್ತಿಬಟ್ಟೆ ಒಂದೇ ಇರಲಿ. ಸೊಂಟದ ನೇರಕ್ಕೆ ಹಾಸಿಗೆಯಡಿ ಅಂಗೈ ತೂರಿಸಿ ನೋಡಿ, ಮೂಳೆ ತಾಗಿದರೆ ಗಾಳಿ ಸಾಲದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಾಸಿಗೆ ಚಪ್ಪಟೆಯಾಗುತ್ತದೆ, ಪಂಪನ್ನು ಇನ್‌ವರ್ಟರ್‌ಗೇ ಜೋಡಿಸಿ. ಒಂದಕ್ಕೆ ಇನ್ನೂರೈವತ್ತರಷ್ಟಾಗುವ ಅಂಟು ಡ್ರೆಸಿಂಗ್ ಆ ಜಾಗದಲ್ಲಿ ನಿಲ್ಲಲಿಲ್ಲ, ಮಲ ತಾಗಿ ಅಂಚು ಸುರುಳಿಯಾಗುತ್ತಿತ್ತು. ಕೊನೆಗೆ ಕೈಹಿಡಿದದ್ದು ಸಲೈನ್‌ನಲ್ಲಿ ಅದ್ದಿ ಹಿಂಡಿದ ಗಾಜ್ (ಡ್ರೆಸಿಂಗಿನ ಜಾಳು ಬಟ್ಟೆ), ಸುತ್ತಲಿನ ಚರ್ಮಕ್ಕೆ ಝಿಂಕ್ ಆಕ್ಸೈಡ್ ಮುಲಾಮು. ಗಾಜ್ ಬಟ್ಟೆಯನ್ನು ಬಿಗಿಯಾಗಿ ತುರುಕಬೇಡಿ, ರಕ್ತ ಓಡುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹೊಸ ಮಾಂಸವನ್ನೇ ಸುಡುತ್ತದೆ. ಕಪ್ಪು ಪೊರೆಯನ್ನು ಸರ್ಜನ್ ತೆಗೆದರು, ಅದಕ್ಕೆ ಮನೆಯಲ್ಲಿ ಕೈ ಹಾಕಬಾರದು. ವಾಸನೆಗೆ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಪುಡಿ; ಎಷ್ಟು ಎಂಬುದನ್ನು ಡಾಕ್ಟರರೇ ಹೇಳಲಿ.

ಬೇರೆಯವೂ ನೋಡಿದ್ದಾಯಿತು. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಗೆ ಇಡುವ ನಮ್ಮ ಹಳೇ ವಾರ್ಡ್ ಪದ್ಧತಿಯಿಂದ ಒತ್ತಡ ಇಳಿಯುವುದಿಲ್ಲ. ಜೇನು ಹಚ್ಚಿದರೆ ಇರುವೆ. ಕುಕ್ಕರಿನಲ್ಲಿ ಬೇಯಿಸಿ ಆರಿಸಿದ ಬಾಳೆಲೆಯನ್ನು ಗಾಜ್ ಬಟ್ಟೆಯಡಿ ಇಟ್ಟಾಗ ಮಾತ್ರ ತೆಗೆಯುವಾಗ ಅಂಟಲಿಲ್ಲ, ನೋವೂ ಕಡಿಮೆ.

ತಪಸ್ಸುಕಾಲವೆಂದು ಅತ್ತೆ ಮೀನು, ಮೊಟ್ಟೆ ಬಿಟ್ಟಿದ್ದರು. ಕಾಯಿಲೆಯವರಿಗೆ ಆ ಕಟ್ಟಳೆ ಇಲ್ಲವೆಂದು ಫಾದರ್ ಬಾಯಿಂದಲೇ ಹೇಳಿಸಿದೆ. ದಿನಕ್ಕೆ ಎರಡು ಮೊಟ್ಟೆ, ಬಂಗುಡೆ ಮೀನು, ಹೆಸರುಕಾಳಿನ ಗಂಜಿ: 45 ಕಿಲೋ ಮೈಗೆ ಸುಮಾರು 60 ಗ್ರಾಂ ಪ್ರೋಟೀನ್. ಕಿಡ್ನಿ ಸರಿಯಿದ್ದವರಿಗೆ ಮಾತ್ರ ಇಷ್ಟು. ಹುಣ್ಣಿನ ತಳ ಕೆಂಪಗಾಗಿ ತುಂಬತೊಡಗಿದ್ದು ಇದಾದ ಮೇಲೆಯೇ.

ಮುಚ್ಚಿದ ಮೇಲೂ ಪಾಳಿ ನಿಲ್ಲಿಸಿಲ್ಲ. ಹೊಸ ಚರ್ಮಕ್ಕೆ ಹಳೆಯದರ ಗಟ್ಟಿತನ ಪೂರ್ತಿ ಬರುವುದಿಲ್ಲ, ಒಡೆದರೆ ಅದೇ ಜಾಗ ಒಡೆಯುತ್ತದೆ.