ಒಂದೇ ಸೀಮೆಯ ಮೂರು ದ್ರಾಕ್ಷಿ

ಕೆಲಸದ ಮೇಲೆ ಉತ್ತರ ಇಟಲಿಯ ತೊರಿನೊಗೆ (ಟುರಿನ್) ಬಂದವನು ಇಟಲಿಯ ವೈನ್ ಕಲಿಯಲು ಒಂದೇ ಸೀಮೆಗೆ ಅಂಟಿಕೊಂಡೆ. ಈ ದೇಶದಲ್ಲಿ ನಾಟಿ ದ್ರಾಕ್ಷಿ ತಳಿಗಳು ನೂರಾರಿವೆ. ಎಲ್ಲದಕ್ಕೂ ಕೈಹಾಕಿದರೆ ಹೆಸರುಗಳು ನೆನಪಿರುತ್ತವೆ, ರುಚಿ ಉಳಿಯುವುದಿಲ್ಲ. ನಾನು ಆರಿಸಿಕೊಂಡದ್ದು ಆಲ್ಬಾ ಊರಿನ ಸುತ್ತಲಿನ ಲಾಂಗೆ ಗುಡ್ಡಗಳನ್ನು.

ಒಂದೇ ಊಟಕ್ಕೆ ಇಲ್ಲಿಯ ಕೆಂಪು ವೈನಿನ ದ್ರಾಕ್ಷಿಗಳಾದ ದೊಲ್ಚೆತ್ತೊ, ಬಾರ್ಬೆರಾ, ನೆಬ್ಬಿಯೊಲೊ ಮೂರರ ವೈನನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಗುಟುಕು ಗುಟುಕಾಗಿ ಹೋಲಿಸಿ ನೋಡುವುದು ನನ್ನ ಪದ್ಧತಿ. ದೊಲ್ಚೆತ್ತೊ ಗಾಢ ನೇರಳೆ. ಹುಳಿ ಕಡಿಮೆ, ಕೊನೆಯಲ್ಲಿ ಬಾದಾಮಿಯ ಕಹಿ. ಬಾರ್ಬೆರಾ ಅದಕ್ಕೆ ತದ್ವಿರುದ್ಧ: ಹುಳಿ ಧಾರಾಳ, ಒಗರು ತೀರಾ ಕಡಿಮೆ. ಟೊಮೆಟೊ ಸಾಸಿನ ಪಾಸ್ತಾಗೆ ಅದನ್ನು ಬಿಟ್ಟು ಬೇರೆ ತೆರೆಯಲು ನನಗೆ ಮನಸ್ಸಾಗುವುದಿಲ್ಲ.

ನೆಬ್ಬಿಯೊಲೊ ಮಾತ್ರ ಕಣ್ಣಿಗೆ ಒಂದು, ನಾಲಗೆಗೆ ಇನ್ನೊಂದು. ಬಣ್ಣ ಎಷ್ಟು ತೆಳುವೆಂದರೆ ಗ್ಲಾಸಿನ ಆಚೆಯ ಬೆರಳು ಕಾಣುತ್ತದೆ, ಅಂಚಿನಲ್ಲಿ ಇಟ್ಟಿಗೆಯ ಕೆಂಪು. ಮೂಗಿಗೆ ಒಣಗಿದ ಗುಲಾಬಿ, ಹಿಂದೆಯೇ ಡಾಂಬರಿನ ವಾಸನೆ. ಬಾಯಿಗೆ ಬಿಟ್ಟುಕೊಂಡರೆ ಎಳೆ ಬಾಳೆಕಾಯಿ ಕಚ್ಚಿದಂತೆ ಒಸಡು ಬಿಗಿಯುತ್ತದೆ. ಒಗರಿಗೆ ಕಾರಣವಾದ ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡು ಬಾಯನ್ನು ಒಣಗಿಸುತ್ತದೆ. ಅದಕ್ಕೇ ನಾನು ಇದನ್ನು ಖಾಲಿ ಬಾಯಲ್ಲಿ ಅಳೆಯುವುದಿಲ್ಲ. ಮಾಂಸ ತಿನ್ನದ ನನಗೆ ಇಲ್ಲಿಯ ಕಾಸ್ತೆಲ್ಮಾನ್ಯೊ ಚೀಸ್ ಕರಗಿಸಿ ಮಾಡಿದ ಞೋಕಿ (ಆಲೂಗಡ್ಡೆ ಹಿಟ್ಟಿನ ಪುಟ್ಟ ಕಡುಬು) ಇದ್ದರೆ ಸಾಕು. ಚೀಸಿನ ಕೊಬ್ಬು, ಪ್ರೋಟೀನುಗಳು ಒಗರನ್ನು ಹೀರಿಕೊಂಡಾಗ ಕೆಳಗಿದ್ದ ಹಣ್ಣಿನ ರುಚಿ ಮೇಲೆ ಬರುತ್ತದೆ. ಅದೇ ವೈನ್, ಎರಡನೇ ಗುಟುಕಿಗೆ ಬೇರೆಯೇ ಆಗಿರುತ್ತದೆ!

ನೆಬ್ಬಿಯೊಲೊ ಹಣ್ಣಾಗುವುದು ತಡ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ಆದ್ದರಿಂದ ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣದ ಇಳಿಜಾರು ಅದಕ್ಕೇ ಮೀಸಲು. ವಾರಗಟ್ಟಲೆ ಮೊದಲೇ ಹಣ್ಣಾಗುವ ದೊಲ್ಚೆತ್ತೊಗೆ ತಂಪಿನ ಜಾಗವಾದರೂ ಆದೀತು. ಬಳ್ಳಿ ಎಲ್ಲಿ ನಿಂತಿದೆ ಎಂದು ಗುಡ್ಡದ ಮೇಲೆ ಕಣ್ಣಾರೆ ನೋಡಿದ ಮೇಲೆ ಗ್ಲಾಸಿನೊಳಗಿನ ವ್ಯತ್ಯಾಸವೂ ಸ್ಪಷ್ಟವಾಯಿತು.

ನೆಬ್ಬಿಯೊಲೊದಿಂದಲೇ ಮಾಡುವ ಹೆಸರಾಂತ ವೈನ್‌ಗಳು ಬಾರೋಲೊ, ಬಾರ್ಬರೆಸ್ಕೊ. ಹೊಸಬರು ನೇರ ಬಾರೋಲೊ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಕಡೇಪಕ್ಷ 38 ತಿಂಗಳು ಮಾಗಿಸಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ; ಬಾರ್ಬರೆಸ್ಕೊಗೆ 26 ತಿಂಗಳು. ಅಷ್ಟಾದ ಮೇಲೂ ಒಳ್ಳೆಯ ಬಾಟಲಿ ವರ್ಷಗಟ್ಟಲೆ ಕಾಯಿಸುತ್ತದೆ, ಬೆಲೆಯೂ ಹೆಚ್ಚು. 'ಲಾಂಗೆ ನೆಬ್ಬಿಯೊಲೊ' ಎಂದು ಬರೆದಿರುವ ಬಾಟಲಿಯಲ್ಲಿ ಅದೇ ದ್ರಾಕ್ಷಿಯ ಗುಣ ಕಡಿಮೆ ಬೆಲೆಗೆ, ಬೇಗ ಸಿಗುತ್ತದೆ. ಊಟಕ್ಕೆ ಗಂಟೆ ಮೊದಲೇ ತೆರೆದು, 16ರಿಂದ 18 ಡಿಗ್ರಿಯಲ್ಲಿ, ದೊಡ್ಡ ಹೊಟ್ಟೆಯ ಗ್ಲಾಸಿಗೆ ಸ್ವಲ್ಪವೇ ಸುರಿದುಕೊಳ್ಳುತ್ತೇನೆ.

ಬಿಳಿ ವೈನ್ ಪೈಕಿ ನನ್ನ ಪ್ರೀತಿ ಲಾಂಗೆಯಿಂದ ಆಚೆಯ ತೊರ್ತೊನಾ ಗುಡ್ಡಗಳ ತಿಮೊರಾಸ್ಸೊ ಮೇಲೆ. ಬೆಳೆಯುವುದು ಕಷ್ಟವೆಂದು ರೈತರು ಬಹುತೇಕ ಕೈಬಿಟ್ಟಿದ್ದ ಈ ತಳಿಗೆ 1980ರ ದಶಕದಲ್ಲಿ ಮರುಜೀವ ಕೊಟ್ಟವರು ಅಲ್ಲಿಯ ವೈನ್ ತಯಾರಕ ವಾಲ್ಟರ್ ಮಾಸ್ಸಾ. ಬಿಳಿ ವೈನನ್ನು ಎಳೆಯದಾಗಿಯೇ ಕುಡಿದು ಮುಗಿಸಬೇಕು ಎನ್ನುವವರಿಗೆ ನಾನು ಕೆಲವು ವರ್ಷ ಹಳೆಯ ತಿಮೊರಾಸ್ಸೊ ಕೊಡುತ್ತೇನೆ. ಜೇನಿನ ಪರಿಮಳ, ಕುಗ್ಗದ ಹುಳಿ. ಈಗ ಮೇಜಿನ ಮೇಲೆ ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಕೆಂಪು ದ್ರಾಕ್ಷಿ ನೆರೆಲ್ಲೊ ಮಸ್ಕಲೇಸೆಯ ವೈನ್ ಬಂದಿದೆ. ಅದೂ ತೆಳು ಬಣ್ಣದ್ದು, ಒಗರಿನದ್ದು. ಅದನ್ನು ನೆಬ್ಬಿಯೊಲೊ ಪಕ್ಕದಲ್ಲಿಟ್ಟೇ ಕಲಿಯುತ್ತಿದ್ದೇನೆ.